ಕೆಂಪು ಗೆರೆ ಎಳೆದವರು

ಅವರ ಲ್ಯಾಪ್‌ಟಾಪ್ ಇರುತ್ತಿದ್ದುದು ಇಸ್ತ್ರಿ ಮೇಜಿನ ಮೇಲೆ. ಗಲ್ಫಿನ ವಿಮಾನ ನಿಲ್ದಾಣವೊಂದರಲ್ಲಿ, ವಿಮಾನ ಬದಲಿಸುವವರ ಕೌಂಟರಿನ ಹಿಂದೆ ವರ್ಷಗಟ್ಟಲೆ ನಿಂತವರು. ಕೂತರೆ ತಲೆ ಓಡುವುದಿಲ್ಲ ಎನ್ನುತ್ತಿದ್ದರು. ಕಾರ್ಕಳದ ಮನೆಯಲ್ಲೂ ನಿಂತೇ ಟೈಪ್ ಮಾಡುತ್ತಿದ್ದರು.

ಊರಿಗೆ ಮರಳಿದ ಮೇಲೆ ಅವರು ಬ್ರೌಸರಿಗೆ ಸೇರಿಸಿಕೊಳ್ಳುವ ಒಂದು ಸಣ್ಣ ಎಕ್ಸ್‌ಟೆನ್ಶನ್ ಮಾಡಿದ್ದರು. ಟಿಕೆಟ್ ಹುಡುಕುವಾಗ, ನಡುವಿನ ನಿಲ್ದಾಣದಲ್ಲಿ ವಿಮಾನ ಬದಲಿಸಲು ಸಿಗುವ ಸಮಯ ಸಾಕಾದರೆ ಹಸಿರು ಗೆರೆ, ಸಾಲದಿದ್ದರೆ ಕೆಂಪು. ನಾನು ಅವರಿಗೆ ಮೊದಲು ಬರೆದದ್ದು ದೂರು. ನೈರೋಬಿಯಲ್ಲಿ ಅಮ್ಮನ ಅಣ್ಣ ಆಸ್ಪತ್ರೆಯಲ್ಲಿದ್ದರು, ಡಾಕ್ಟರು ಭರವಸೆ ಕೊಟ್ಟಿರಲಿಲ್ಲ. ಅಮ್ಮ ಒಬ್ಬಳೇ ಹೊರಡಬೇಕಿತ್ತು. ಸಂಜೆಯೇ ತಲುಪಿಸುವ ಟಿಕೆಟಿಗೆ ಕೆಂಪು ಗೆರೆ. ಮರುದಿನ ಬೆಳಿಗ್ಗೆ ತಲುಪಿಸುವುದಕ್ಕೆ ಹಸಿರು. ವಿಮಾನ ಕಂಪನಿಯೇ ಸಾಕೆನ್ನುವ ಸಮಯಕ್ಕೆ ಕೆಂಪೇಕೆ, ನಿಮ್ಮ ಎಕ್ಸ್‌ಟೆನ್ಶನ್ ಕೆಟ್ಟಿದೆ, ಸರಿಮಾಡಿ ಎಂದು ಬರೆದೆ.

ಕೆಟ್ಟಿಲ್ಲ, ನಿಧಾನ ನಡೆಯುವವರನ್ನು ನೆನೆದು ಹಾಕಿದ ಗೆರೆ ಅದು ಎಂದು ಉತ್ತರ ಬಂತು. ಕೆಳಗೆ, "ಹೋಗುವವರು ಯಾರು? ಹೇಗೆ ನಡೀತಾರೆ?"

ಚೆನ್ನಾಗಿಯೇ ನಡೆಯುತ್ತಾಳೆ, ದಿನಾ ಕಾಪುವಿನ ಕಡಲ ಬದಿಗೆ ಹೋಗುತ್ತಾಳೆ ಎಂದೆ. ಆ ಭಾನುವಾರ ಅವರು ಹತ್ತಿರದ ಶಂಕರಪುರದ ತಮ್ಮ ತಂಗಿಯ ಮನೆಗೆ ಬಂದವರು ವಿಳಾಸ ಕೇಳಿಕೊಂಡು ನಮ್ಮಲ್ಲಿಗೂ ಬಂದರು, ಅಮ್ಮನಿಗೆ ಒಂದು ಚೆಂಡು ಮಲ್ಲಿಗೆ ಹಿಡಿದುಕೊಂಡು. ಇಬ್ಬರೂ ದೀಪಸ್ತಂಭದವರೆಗೆ ನಡೆದರು, ನಾನು ಹಿಂದೆ. ಅಮ್ಮ ಆಗಾಗ ನಿಂತು ದೋಣಿ ತೋರಿಸುತ್ತಿದ್ದಳು. ಅವರೂ ನಿಂತು ನೋಡುತ್ತಿದ್ದರು.

ಹಿಂದಿರುಗುವಾಗ ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಅಮ್ಮ ಮೊಣಕಾಲು ನೋಯುವಾಗೆಲ್ಲ ಸಮುದ್ರ ನೋಡ್ತಾರೆ. ಏರ್‌ಪೋರ್ಟಿನಲ್ಲಿ ಸಮುದ್ರ ಇಲ್ಲ, ಅಲ್ವಾ?"

ಇದು ನನ್ನ ನೆನಪು. ಅಮ್ಮನ ಪ್ರಕಾರ ಅವರು ಹಾಗೆ ಹೇಳಿದ್ದು ನಮ್ಮ ಅಡುಗೆಮನೆಯಲ್ಲಿ, ಚಾ ಕುಡಿಯುತ್ತ, ಅವಳ ಎದುರೇ. ಪಕ್ಕಕ್ಕೆ ಕರೆದದ್ದು ನಾನೇ ಸೇರಿಸಿಕೊಂಡದ್ದಿರಬಹುದು. ನೋವು ಗುಟ್ಟಾಗಿತ್ತು ಎಂದುಕೊಂಡರೆ, ಜೊತೆಗಿದ್ದೂ ನಾನು ಅದನ್ನು ಕಾಣದೆ ಹೋದದ್ದಕ್ಕೆ ಒಂದು ನೆಪ ಸಿಗುತ್ತದೆ.

ವೀಲ್‌ಚೇರ್ ಕೇಳಬಹುದು ಎಂದು ಅವರು ಹೇಳಿದರೆ ಅಮ್ಮ ಒಪ್ಪಲಿಲ್ಲ. "ಗೊತ್ತಾದರೆ ಅಣ್ಣ ತನ್ನ ಕಾಯಿಲೆ ಬಿಟ್ಟು ನನ್ನದನ್ನೇ ಕೇಳ್ತಾನೆ." ಅವರು ಒತ್ತಾಯಿಸಲಿಲ್ಲ. ಬೆಳಿಗ್ಗೆಯೊಳಗೆ ಮಾವ ಹೋಗಿಬಿಟ್ಟರೆ ಎಂದು ನಾನು ಕೇಳಿದೆ.

"ಅದು ನನಗೆ ಹೇಳಲಿಕ್ಕೆ ಆಗುವುದಿಲ್ಲ. ಎರಡನೇ ವಿಮಾನ ತಪ್ಪಿದವರ ಮುಖ ನೋಡಿದ್ದೇನೆ, ಅಷ್ಟೇ."

ಅಮ್ಮ ಹಸಿರು ಗೆರೆಯ ಟಿಕೆಟಿನಲ್ಲೇ ಹೋದಳು. ನಡುವಿನ ನಿಲ್ದಾಣದಿಂದ ಫೋನು ಮಾಡಿ, ಗೇಟಿನ ಎದುರು ಚಪ್ಪಲಿ ಬಿಚ್ಚಿ ಕೂತಿದ್ದೇನೆ ಎಂದಳು. ಬೆಳಿಗ್ಗೆ ಆಸ್ಪತ್ರೆಗೆ ಮುಟ್ಟಿದಾಗ ಮಾವನಿಗೆ ಇನ್ನೂ ಮಾತಿತ್ತು. "ಎಂತ, ನಡೆದುಕೊಂಡೇ ಬಂದೆಯಾ?" ಎಂದು ತುಳುವಿನಲ್ಲಿ ತಮಾಷೆ ಮಾಡಿದರಂತೆ. ಆ ವಾರವೇ ತೀರಿಕೊಂಡರು.

ಕೆಂಪು ಗೆರೆಯದರಲ್ಲಿ ಹೋಗಿದ್ದರೂ ಎರಡನೇ ವಿಮಾನ ಸಿಗುತ್ತಿತ್ತೋ ಏನೋ. ತಿಳಿಯುವ ದಾರಿಯಿಲ್ಲ. ಉಪಕಾರ ನೆನೆಯಲು ಫೋನು ಮಾಡಿದರೆ, ಅವರು ಅರ್ಧದಲ್ಲೇ ತಡೆದು, ಅಮ್ಮ ವಾಪಸು ಬರುವ ಟಿಕೆಟ್ ಯಾವುದು ಎಂದು ಕೇಳಿದರು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ನೋಡಿಕೊಳ್ಳುವವರಿಲ್ಲದೆ ಎಕ್ಸ್‌ಟೆನ್ಶನ್ ಈಗ ಯಾವ ಗೆರೆಯನ್ನೂ ಎಳೆಯುವುದಿಲ್ಲ. ಸಂಜೆ ಅಮ್ಮ ಕಡಲ ಬದಿಯಲ್ಲಿ ನಿಂತರೆ ನಾನೂ ನಿಲ್ಲುತ್ತೇನೆ. ದೋಣಿ ತೋರಿಸಿದರೆ, ಅದು ದಾಟಿ ಹೋಗುವವರೆಗೂ ನೋಡುತ್ತೇನೆ.