ನಾ ಮಂಜೂರ

ಆ ಒಂದು ವೋಟು ನನ್ನದು, ಜೈನಬ್ ಆಪಾ.

ಯಾರದು, ಯಾರದು ಎಂದು ಇಸ್ಮಾಯಿಲ್ ಭಾಯಿ ಕಣ್ಣು ಮುಚ್ಚುವವರೆಗೂ ಕೇಳುತ್ತಿದ್ದರಲ್ಲ — ಅದು ನನ್ನದು. ನನ್ನ ಮುಖವನ್ನೇ ನೋಡುತ್ತ ಕೇಳುತ್ತಿದ್ದರು. ಅನುಮಾನಪಟ್ಟು ಅಲ್ಲ, ಇವನಿಗೆ ಗೊತ್ತಿರಬಹುದೆಂದು ನಂಬಿ. ನಾನು ಪ್ರತಿ ಸಲವೂ ತಲೆ ಅಲ್ಲಾಡಿಸಿ, "ಏನ್ ಹೇಳೋದ್ರಿ ಭಾಯಿ, ಕಾಲಾನೇ ಹಂಗ ಬಂದದ" ಎನ್ನುತ್ತಿದ್ದೆ. ಕಾಲದ ಮೇಲೆ ಹಾಕಿದರೆ ಕಾಲ ಬಂದು ಜಗಳಕ್ಕೆ ನಿಲ್ಲುವುದಿಲ್ಲ, ನೋಡಿ.

ನಾಳೆ ಕಮಲಾಪುರಕ್ಕೆ ಬಂದು ಇದನ್ನೆಲ್ಲ ನಿಮ್ಮೆದುರು ಕೂತು ಹೇಳಬೇಕೆಂದಿದ್ದೇನೆ. ಹೇಳಿಯೇ ತೀರುತ್ತೇನೆಂಬ ನಂಬಿಕೆ ನನಗಿಲ್ಲ. ನನ್ನ ನಾಲಿಗೆಯ ಗುಣ ನನಗೆ ಗೊತ್ತು — ಎದುರಿಗಿದ್ದವರು ಏನು ಕೇಳಬೇಕೆಂದಿರುತ್ತಾರೋ ಅದನ್ನೇ ಆಡುವ ನಾಲಿಗೆ ಅದು. ಅದಕ್ಕೇ ಮೊದಲು ಬರೆದುಕೊಳ್ಳುತ್ತಿದ್ದೇನೆ.

ನಮ್ಮ ಬಾವಡಿ ಗಲ್ಲಿಯಲ್ಲಿ ನಿಮ್ಮ ಮನೆಯ ಹಿಂಗೋಡೆಗೂ ಆ ಮೆಟ್ಟಿಲುಬಾವಿಗೂ ನಡುವೆ ಒಂದು ಆಡು ನುಸುಳುವಷ್ಟೇ ಜಾಗವಿತ್ತು. ಬೇಸಿಗೆಯಲ್ಲಿ ಕಲಬುರಗಿಗೆ ಕಲಬುರಗಿಯೇ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವಾಗಲೂ ಅದರ ತಳದಲ್ಲಿ ನೀರು ಮಿನುಗುತ್ತಿತ್ತು. ಕುಡಿಯುವ ಹಾಗಿರಲಿಲ್ಲ, ನಿಜ. ಕಸ ಎಸೆದೆಸೆದು ನಾವೇ ಕೆಡಿಸಿದ್ದೆವು. ಆದರೆ ಝರಿ ಸತ್ತಿರಲಿಲ್ಲ. ಇಸ್ಮಾಯಿಲ್ ಭಾಯಿ ಅದರ ಕಟ್ಟೆಯ ಮೇಲೆಯೇ ಒಲೆ ಹೂಡಿ, ಗಲ್ಲಿಯ ಹಿತ್ತಾಳೆ ಪಾತ್ರೆಗಳಿಗೆಲ್ಲ ಕಲಾಯಿ ಹಾಕುತ್ತಿದ್ದರು.

ಆ ಬಾವಡಿಯನ್ನು ಮುಚ್ಚಿ, ಅಲ್ಲೊಂದು ವಾಣಿಜ್ಯ ಮಳಿಗೆ, ಅದರಡಿಗೊಂದು ನೆಲಮಾಳಿಗೆ ಕಟ್ಟುವ ವಿಷಯ ಕೌನ್ಸಿಲಿನ ಸಾಮಾನ್ಯ ಸಭೆಗೆ ಬಂತು. ನಾನಾಗ ಆ ವಾರ್ಡಿನಿಂದ ಆರಿಸಿ ಬಂದವನು, ಎಲ್ಲರ ಬಾಯಲ್ಲೂ 'ಮೆಂಬರ್ ಸಾಬ್'. ಹಾಗೆ ಯಾರಾದರೂ ಕೂಗಿದರೆ ನನಗೆ ಹೊಟ್ಟೆ ತುಂಬಿದಷ್ಟು ಸುಖವಾಗುತ್ತಿತ್ತು. ನೀವು ಗಂಡ ಹೆಂಡತಿ ನಮ್ಮ ಮನೆಗೆ ಬಂದಿರಿ. ಚಹಾ ಆರಿ ಕೆನೆಗಟ್ಟಿದರೂ ಭಾಯಿ ಕಪ್ಪು ಮುಟ್ಟಲಿಲ್ಲ.

"ಝರಿ ಜಿಂದಾ ಅದ ಮೆಂಬರ್ ಸಾಬ್," ಎಂದರು. "ಮ್ಯಾಲ ಬಾಯಿ ಮುಚ್ಚಿದ್ರ ನೀರು ಎಲ್ಲಿಗೆ ಹೋಗಬೇಕು? ನಮ್ಮ ಮನಿಗೇ ಬರ್ತಾದ. ನೀವು ಸಭಾದಾಗ ಎದ್ದು ನಾಮಂಜೂರ್ ಅಂತ ಒಂದ್ ಮಾತು ಅಂದ್ರ ಸಾಕ್ರಿ."

"ಅಂತೀನ್ರಿ ಭಾಯಿ. ನೀವೇ ಬಂದು ಗ್ಯಾಲರ್ಯಾಗ ಕೂಡ್ರಿ, ನಿಮ್ಮ ಕಿವಿಲೇ ಕೇಳ್ರಿ," ಎಂದೆ. ಆಗ ಮನಸ್ಸಿನಿಂದಲೇ ಅಂದೆ ಎನ್ನಿಸುತ್ತದೆ. ಎನ್ನಿಸುತ್ತದೆ, ಅಷ್ಟೇ — ನನ್ನ ಮನಸ್ಸಿನ ಪರವಾಗಿ ಈಗ ನಾನು ಸಾಕ್ಷಿ ಹೇಳಲಾರೆ.

ಸಭೆಯ ಹಿಂದಿನ ದಿನ ನಮ್ಮ ಗುಂಪಿನ ನಾಯಕರು ನನ್ನನ್ನು ನೆಹರು ಗಂಜಿನ ಒಂದು ಅಂಗಡಿಯ ಹಿಂಗೋಣೆಗೆ ಕರೆಸಿದರು. ತೊಗರಿ ಚೀಲಗಳ ನಡುವೆ ಎರಡು ಕುರ್ಚಿ, ಮೂಗಿಗೆ ಏರುವ ಧೂಳು. ಮಳಿಗೆ ಪಾಸಾಗಬೇಕು ಎಂದರು. ಮುಂದಿನ ಸ್ಥಾಯಿ ಸಮಿತಿಗೆ ಅಧ್ಯಕ್ಷ ಯಾರಾಗಬೇಕೆಂದು ಯೋಚಿಸುತ್ತಿದ್ದೇನೆ ಎಂದೂ ಅಂದರು, ಬೇರೆ ಏನೋ ಮಾತಾಡುವವರ ಹಾಗೆ. ಬಾಗಿಲ ಮೇಲೆ ನನ್ನ ಹೆಸರಿನ ಹಲಗೆ ನನಗೆ ಅಲ್ಲೇ, ಆ ಧೂಳಿನಲ್ಲೇ ಕಾಣಿಸಿತು.

"ಓಣಿ ಮಂದಿಗೆ ಮಾತು ಕೊಟ್ಟೀನ್ರಿ," ಎಂದೆ, "ನಾಮಂಜೂರ ಅಂತೀನಂತ."

ಅವರು ನಕ್ಕರು. "ಅನ್ನೋ ತಮ್ಮಾ, ಯಾರು ಬ್ಯಾಡಂದ್ರು? 'ನಾ' ಅಂದು ಒಂದೀಟು ದಮ್ಮ ತಗೋ. ಆಮ್ಯಾಲ 'ಮಂಜೂರ' ಅನ್ನು. ಅವ್ರು ಅವ್ರ ಕಿವಿಲೇ ಕೇಳ್ತಾರ, ನಾವು ನಮ್ಮ ಕಿವಿಲೇ ಕೇಳ್ತೀವಿ."

ನಾನೂ ನಕ್ಕೆ, ಆಪಾ. ಅದನ್ನು ಮುಚ್ಚಿಡಲಾರೆ. ನಮ್ಮ ಊರಿನಲ್ಲಿ ಮಾತ್ರ ನಡೆಯಬಹುದಾದ ಮೋಸ ಅದು. ನಿಮ್ಮ ಕಿವಿಗೆ ನಾಮಂಜೂರ್ — ಒಪ್ಪಿಗೆ ಇಲ್ಲ. ನಮ್ಮ ಕಿವಿಗೆ ನಾ, ಮಂಜೂರ — ನಾನು, ಒಪ್ಪಿದ್ದೇನೆ. ಎರಡೂ ಭಾಷೆ ಒಂದೇ ಓಣಿಯಲ್ಲಿ ಬೆಳೆದ ಊರು ನಮ್ಮದು. ಜಗಳವಾಡುವಾಗಲೂ ಅರ್ಧ ನಿಮ್ಮ ಮಾತು, ಅರ್ಧ ನಮ್ಮ ಮಾತು. ಇಷ್ಟು ವರ್ಷ ಆ ಬೆರಕೆಯಲ್ಲಿ ನಾವು ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡಿದ್ದೆವು. ನಾನು ಅದನ್ನು ಮೋಸಕ್ಕೆ ಬಳಸಿದೆ.

ಮರುದಿನ ಸಭಾಂಗಣದಲ್ಲಿ ಗದ್ದಲವೋ ಗದ್ದಲ. 'ನಿರುಪಯುಕ್ತ ಹಳೆಯ ಬಾವಿ' ಎಂದು ಕಾರ್ಯದರ್ಶಿ ಓದಿದಾಗ ಗ್ಯಾಲರಿಯಿಂದ ಭಾಯಿ "ನೀರದ ರೀ ಅದರಾಗ!" ಎಂದು ಕೂಗಿದ್ದು ನೆನಪಿದೆಯೇ? ಕೊನೆಗೆ ಒಬ್ಬೊಬ್ಬ ಸದಸ್ಯನ ಹೆಸರು ಕರೆದು ಅಭಿಪ್ರಾಯ ಕೇಳಬೇಕೆಂದಾಯಿತು. ನನ್ನ ಹೆಸರು ಬಂತು. ಎದ್ದೆ. ಗ್ಯಾಲರಿಯತ್ತ ಮುಖ ಮಾಡಿ ನಿಂತೆ — ಅದೂ ಯೋಚಿಸಿಯೇ.

"ನಾ —" ಎಂದೆ. ಉಸಿರು ತೆಗೆದುಕೊಂಡೆ. "ಮಂಜೂರ."

ನೀವು ಚಪ್ಪಾಳೆ ತಟ್ಟಿದಿರಿ. ಭಾಯಿ "ಶಾಬಾಸ್!" ಎಂದು ಎದ್ದು ನಿಂತರು, ಪಹರೆಯವನು ಗದರಿಸಿ ಕೂರಿಸಿದ. ಆ ಸದ್ದಿನ ಅಡಿಯಲ್ಲಿ ಇನ್ನೊಂದು ಮಾತು ನಡೆಯಿತು, ಅದು ನಿಮಗೆ ಕೇಳಿಸಲಿಲ್ಲ. ಕಾರ್ಯದರ್ಶಿ ಮೈಸೂರು ಕಡೆಯವರು, ಬರೆಯುತ್ತಿದ್ದ ಪೆನ್ನು ನಿಲ್ಲಿಸಿ, "ಅವರು ಏನು ಹೇಳಿದ್ರು?" ಎಂದರು. ಪೀಠದಲ್ಲಿದ್ದವರು ಕತ್ತು ಎತ್ತದೆ, "ಮಂಜೂರ ಅಂದಾರ್ರಿ, ಬರ್ಕೋರಿ" ಎಂದರು. ಕಾರ್ಯದರ್ಶಿ ಒಮ್ಮೆ ನನ್ನ ಕಡೆ ನೋಡಿದರು. ಇಲ್ಲ ಎನ್ನಲು ಅಷ್ಟು ಹೊತ್ತಿತ್ತು. ನಾನು ಪಂಚೆ ಸರಿಮಾಡಿಕೊಂಡು ಕೂತೆ.

ವಿಷಯ ಒಂದೇ ಒಂದು ಮತದಿಂದ ಪಾಸಾಯಿತು.

ಸಭಾಂಗಣದ ಮೆಟ್ಟಿಲ ಬಳಿ ಭಾಯಿ ನನ್ನನ್ನು ತಬ್ಬಿಕೊಂಡರು. ಅವರ ಅಂಗಿಯಲ್ಲಿ ಕಲಾಯಿಗೆ ಬಳಸುವ ನವಸಾಗರದ ಘಾಟಿತ್ತು. "ನೀವು ಕೊಟ್ಟ ಜಬಾನ್ ಉಳಿಸ್ಕೊಂಡ್ರಿ," ಎಂದರು. "ಇನ್ನೊಂದು ವೋಟ್ ನಮ್ಮ ಕಡಿ ಬಿದ್ದಿದ್ರ... ಆ ಒಂದ್ ವೋಟ್ ಯಾರದ್ರಿ?" ಅವತ್ತು ಶುರುವಾದ ಪ್ರಶ್ನೆ ಅದು. ಉತ್ತರವನ್ನು ಗಲ್ಲಿಯೇ ಹುಡುಕಿಕೊಂಡಿತು — ಪಕ್ಕದ ವಾರ್ಡಿನ ಸಿದ್ರಾಮಪ್ಪ. ಪಾಪ, ಅವರದು ಗಂಟಲಲ್ಲೇ ಉಳಿಯುವ ದನಿ. ಅವರು ಏನು ಹೇಳಿದರೆಂದು ಗ್ಯಾಲರಿಗೆ ಕೇಳಿಸಿರಲಿಲ್ಲ. ನನಗೆ ಕೇಳಿಸಿತ್ತು. ಅವರು ನಿಜವಾಗಿ ನಾಮಂಜೂರ ಎಂದಿದ್ದರು. ಮುಂದೊಮ್ಮೆ ಅವರು ನಮ್ಮ ಗಲ್ಲಿಯಲ್ಲಿ ಹಾದು ಹೋಗುವಾಗ ಭಾಯಿಗೆ ನಮಸ್ಕಾರ ಮಾಡಿದರು, ಭಾಯಿ ಮುಖ ತಿರುಗಿಸಿ ನೆಲಕ್ಕೆ ಉಗುಳಿದರು. ಭಾಯಿಯ ಪಕ್ಕದಲ್ಲೇ ನಾನು ಪಾನ್ ಅಗಿಯುತ್ತ ನಿಂತಿದ್ದೆ. ಮುಂದಿನ ಚುನಾವಣೆಯಲ್ಲಿ ಸಿದ್ರಾಮಪ್ಪ ಸೋತರು, ನಾನು ಗೆದ್ದೆ. ನನಗೆ ಅಧ್ಯಕ್ಷನ ಕೋಣೆ ಸಿಕ್ಕಿತು, ಬಾಗಿಲಿಗೆ ಹಲಗೆಯೂ ಬಿತ್ತು.

ಮೊದಲ ಲಾರಿ ಕಲ್ಲುಮಣ್ಣು ಸುರಿದ ದಿನ ಬಾವಡಿ ಸಂಜೆಯವರೆಗೂ ಗುಳುಗುಳು ಎನ್ನುತ್ತಲೇ ಇತ್ತು. ಮಕ್ಕಳು ಕೇಕೆ ಹಾಕಿ ನೋಡಿದರು. ನೀವು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಿರಿ. ನಂತರ ಲಾರಿಗಳು ಸಾಲಾಗಿ ಬಂದವು, ಸದ್ದು ನಿಂತಿತು, ಮಳಿಗೆ ಎದ್ದಿತು, ರಿಬ್ಬನ್ನನ್ನೂ ನಾನೇ ಹಿಡಿದುಕೊಂಡೆ.

ಆಮೇಲಿನ ಬೇಸಿಗೆಯಲ್ಲಿ ನೀವು ನನ್ನನ್ನು ಅಡುಗೆಮನೆಗೆ ಕರೆದಿರಿ. "ಗ್ವಾಡಿ ಬೆವರಾಕತ್ತಾದ ಅಣ್ಣಾ. ಅಂಗೈ ಇಟ್ಟು ನೋಡ್ರಿ." ಹೊರಗೆ ಡಾಂಬರು ಕರಗುವ ಬಿಸಿಲು. ನಾನು ಅಂಗೈ ಇಟ್ಟೆ. ಗೋಡೆ ತಣ್ಣಗಿತ್ತು — ಸತ್ತವರ ಹಣೆ ಮುಟ್ಟಿದ ಹಾಗೆ. ಒಳಗೆ ಏನೋ ಮೆಲ್ಲಗೆ ಸರಿದಾಡುತ್ತಿರುವಂತೆ ಅನ್ನಿಸಿ ಕೈ ತೆಗೆದುಬಿಟ್ಟೆ. ಮಳೆಯ ಹನಿ ಬೀಳದ ಕಾಲದಲ್ಲಿ ಆ ನೀರು ಎಲ್ಲಿಂದ ಬಂತೆಂದು ನನಗೆ ಗೊತ್ತಾಯಿತು. ನಿಮಗೂ ಗೊತ್ತಿತ್ತು. ನೀವು ನನ್ನ ಬಾಯಿಂದ ಕೇಳಲು ಕಾಯುತ್ತಿದ್ದಿರಿ.

"ಬರೀ ಥಂಡಿ ಹಿಡದದ ಅಷ್ಟ ಆಪಾ. ಸುಣ್ಣ ಹೊಡಿಸ್ರಿ, ಹೋಗ್ತಾದ," ಎಂದೆ.

ಬೇರೇನು ಹೇಳಲಿ? ಗೋಡೆ ನಿಜವೆಂದರೆ ಬಾವಡಿ ನಿಜ, ಬಾವಡಿ ನಿಜವೆಂದರೆ ಆ ವೋಟು — ಒಂದನ್ನು ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತಿತ್ತು. ರಂಜಾನಿಗೆ ನೀವು ಸುಣ್ಣ ಹೊಡೆಸಿದಿರಿ. ಹಬ್ಬದ ದಿನ ಸುರಕುಂಬಾ ಕುಡಿಯಲು ಬಂದಾಗ ಸುಣ್ಣದ ಮೇಲೆ ಕಂದು ಕಲೆ ಮತ್ತೆ ಎದ್ದಿತ್ತು. ನಾನು ಆ ಕಡೆ ಬೆನ್ನು ಹಾಕಿ ಕೂತೆ. ಬಿರುಕು ಬಿಟ್ಟ ಮೇಲೆ ಭಾಯಿ ಮಕ್ಕಳನ್ನು ಮುಂದಿನ ಕೋಣೆಗೆ ಕಳಿಸಿ ಗೋಡೆಯ ಬದಿಗೆ ತಾವು ಮಲಗತೊಡಗಿದರು. ಒಂದು ಮಧ್ಯಾಹ್ನ ಅವರು ಊಟ ಮಾಡಿ ಅಡ್ಡಾಗಿದ್ದಾಗ ಗೋಡೆ ಕುಸಿಯಿತು.

ಸೊಂಟ ಮುರಿದ ಮನುಷ್ಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂರುವುದು ಹೇಗೆ? ಕಲಾಯಿ ನಿಂತಿತು. ನೀವೆಲ್ಲ ಕಮಲಾಪುರಕ್ಕೆ, ನಿಮ್ಮ ತಮ್ಮನ ಬಾಳೆತೋಟದ ಮನೆಗೆ ಹೋದಿರಿ. ನಾನೇ ನಿಂತು ಟೆಂಪೊ ಮಾಡಿಕೊಟ್ಟೆ. ನೀವು ಅದಕ್ಕೂ ನನಗೆ ದುವಾ ಮಾಡಿದಿರಿ.

ಕೊನೆಯ ಸಲ ನೋಡಲು ಬಂದಾಗ ಭಾಯಿಯ ಕೈ ಬರೀ ಎಲುಬಾಗಿತ್ತು. ನನ್ನ ಕೈ ಹಿಡಿದು ಮತ್ತೆ ಅದನ್ನೇ ಕೇಳಿದರು. "ಆ ಒಂದ್ ವೋಟ್ ಯಾರದಿತ್ತು ಮೆಂಬರ್ ಸಾಬ್?" ನೀವು ಚಹಾ ಮಾಡಲು ಒಳಗೆ ಹೋಗಿದ್ದಿರಿ. ಕೋಣೆಯಲ್ಲಿ ನಾವಿಬ್ಬರೇ. ನನ್ನದು ಎಂದಿದ್ದರೆ ಸಾಕಿತ್ತು.

"ಬಿಡ್ರಿ ಭಾಯಿ, ಹಳೀದು," ಎಂದೆ.

ಅಂದಿನಿಂದ ಪ್ರತಿ ವರ್ಷ ನೀವು ಕೆಂಪು ಬಾಳೆಯ ಗೊನೆಯನ್ನು ಬಸ್ಸಿನಲ್ಲಿಟ್ಟು ಕಳಿಸುತ್ತೀರಿ. ಬಾಳೆಹಣ್ಣು ತಿಂದರೆ ನೆಗಡಿಯಾಗುತ್ತದೆಂದು ಮನೆಯಲ್ಲಿ ಹೇಳಿದ್ದೇನೆ. ಒಂದನ್ನೂ ತಿಂದಿಲ್ಲ, ಆಪಾ. ಓಣಿಯವರು ತಿಂದು ನಿಮ್ಮನ್ನು ಹೊಗಳುತ್ತಾರೆ.

ಹೋದ ವಾರ ನಿಮ್ಮ ಫೋನು ಬಂತು. ನಿಮ್ಮ ಮಗ ಯೂಸುಫನಿಗೆ ಆ ಮಳಿಗೆಯ ನೆಲಮಾಳಿಗೆಯಲ್ಲಿ ಅಂಗಡಿ ಸಿಗುತ್ತದೆ, ಮೊಬೈಲ್ ರಿಪೇರಿ ಇಡುತ್ತಾನಂತೆ, ಹಿಂದಿನ ಭಾಗದಲ್ಲೇ ಮಲಗುತ್ತಾನಂತೆ. "ಅವತ್ತು ನಮ್ಮ ಸಲುವಾಗಿ ಎದ್ದು ನಾಮಂಜೂರ್ ಅಂದವ್ರು ನೀವು. ನೀವು ಹೂಂ ಅಂದ್ರ ಕಳಸ್ತೀನಿ, ಇಲ್ಲಂದ್ರ ಇಲ್ಲ," ಎಂದಿರಿ.

ನಾನು ಆ ನೆಲಮಾಳಿಗೆಗೆ ಹೋಗಿ ಬಂದೆ. ಗೋಡೆಗೆಲ್ಲ ಹೊಳೆಯುವ ಟೈಲ್ಸು. ಟೈಲ್ಸಿನ ಸಂದುಗಳಲ್ಲಿ ಕಪ್ಪು ನೀರು. ವಾಸನೆ ಬಾರದಿರಲೆಂದು ಅಂಗಡಿಗೊಂದು ಊದುಬತ್ತಿ, ಮೂಲೆಯಲ್ಲಿ ನೀರೆತ್ತುವ ಮೋಟರು. ಕರೆಂಟು ಹೋಗಿ ಮೋಟರು ನಿಂತಾಗ ಕಾಲಡಿಯಲ್ಲಿ ಆ ಹಳೆಯ ಗುಳುಗುಳು ಮತ್ತೆ ಕೇಳಿಸಿತು. ಅಂಗಡಿಯವರು ಯಾರೂ ತಲೆ ಎತ್ತಲಿಲ್ಲ, ಅವರಿಗೆ ರೂಢಿಯಾಗಿದೆ.

ಹೊರಗೆ ಬಂದು ನಿಮಗೆ ಫೋನು ಮಾಡಿದೆ. "ಬ್ಯಾಡ ಆಪಾ. ಕಳಸಬ್ಯಾಡ್ರಿ."

"ನೀವಂದ್ರ ಮುಗೀತು ಅಣ್ಣಾ," ಎಂದಿರಿ. "ಅವರೂ ಇದ್ದಿದ್ರ ನಿಮ್ಮನ್ನೇ ಕೇಳಂತಿದ್ರು."

ಫೋನು ಇಟ್ಟ ಮೇಲೆ ನನಗೆ ಸಮಾಧಾನವಾಯಿತು. ಹುಡುಗ ಉಳಿದ, ನನ್ನ ಮಾನವೂ ಉಳಿಯಿತು. ಆ ಸಮಾಧಾನವೇ ಆಮೇಲೆ ನನ್ನ ಕುತ್ತಿಗೆ ಹಿಡಿಯಿತು. ಮತ್ತೆ ಅದೇ — ಒಂದು ಮಾತು, ಎರಡು ಲಾಭ. ಇಷ್ಟು ವರ್ಷವಾದರೂ ನಾನು ಆ ಸಭೆಯಲ್ಲೇ ನಿಂತಿದ್ದೇನೆ, ಅದೇ ಉಸಿರು ತೆಗೆದುಕೊಳ್ಳುತ್ತ.

ಹೇಳಿಬಿಡಬೇಕು. ಆದರೆ ಹೇಳಿದರೆ — ಇದೇ ನನ್ನನ್ನು ಕೊರೆಯುತ್ತಿರುವುದು — ನೀವು ನನ್ನನ್ನು ನಂಬುವುದನ್ನು ಬಿಡುತ್ತೀರಿ. ಅವತ್ತಿನ ಮಾತು ಸುಳ್ಳಾದರೆ ಇವತ್ತಿನ 'ಬ್ಯಾಡ'ವೂ ಸುಳ್ಳಿರಬೇಕು, ಇವನಿಗೆ ಅದರಲ್ಲೂ ಏನೋ ಲಾಭವಿರಬೇಕು ಅನ್ನಿಸುತ್ತದೆ. ಅನ್ನಿಸಲೇಬೇಕು. ಸಿಟ್ಟಿನಲ್ಲಿ ನೀವು ಯೂಸುಫನನ್ನು ಕಳಿಸಿಬಿಟ್ಟರೆ? ಅಪ್ಪನ ಸೊಂಟ ಮುರಿದ ನೀರಿನ ಮೇಲೆ ಮಗ ಚಾಪೆ ಹಾಸಿ ಮಲಗುತ್ತಾನೆ. ಬಾಯಿ ಮುಚ್ಚಿಕೊಂಡಿರಲು ಇದಕ್ಕಿಂತ ಒಳ್ಳೆಯ ನೆಪ ನನಗೆ ಸಿಗಲಾರದು. ನೆಪ ಅಷ್ಟು ಚೆನ್ನಾಗಿರುವುದರಿಂದಲೇ ಅದನ್ನು ನಂಬಲು ನನಗೆ ಭಯ.

ಇವತ್ತು ಸಿದ್ರಾಮಪ್ಪನವರ ಮನೆಗೆ ಹೋಗಿ ಹೇಳಿ ಬಂದೆ. ಅವರು ಎಲ್ಲ ಕೇಳಿದರು. "ನಂಗ ಗೊತ್ತಿತ್ತು, ನಾ ನಿಮ್ಮ ಹಿಂದಿನ ಕುರ್ಚ್ಯಾಗ ಕುಂತಿದ್ದೆ," ಎಂದಷ್ಟೇ ಅಂದು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಆ ನೆಲಮಾಳಿಗೆಯಲ್ಲಿ ಇನ್ನೂ ಬೇರೆಯವರ ಮಕ್ಕಳಿದ್ದಾರೆ. ಕೌನ್ಸಿಲಿನ ಮುಂದಿನ ಸಭೆಯಲ್ಲಿ ನನ್ನನ್ನು ಮಾತಾಡಲು ಬಿಟ್ಟರೆ ಅಲ್ಲಿ, ಬಿಡದಿದ್ದರೆ ಅದರ ಬಾಗಿಲಲ್ಲಿ ನಿಂತು ಇದನ್ನೇ ಹೇಳುತ್ತೇನೆ. ಆದರೆ ಮೊದಲು ನಿಮಗೆ.

ನಾಳೆ ಬೆಳಗಿನ ಬಸ್ಸು ಕಪನೂರ ದಾಟುವಾಗ ನನಗೆ ಇಳಿದುಬಿಡೋಣ ಅನ್ನಿಸುತ್ತದೆ, ಗೊತ್ತು. ಇಳಿಯುವುದಿಲ್ಲ. ನೀವು ಚಹಾ ಮಾಡಲು ಏಳುವ ಮೊದಲೇ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ, ಅದನ್ನು ಕೊಡಬೇಕಾದವರು ಬಾಳೆತೋಟದ ಆಚೆ ಮಣ್ಣಲ್ಲಿ ಮಲಗಿದ್ದಾರೆ. ನೀವು ನನ್ನನ್ನು ಬಾಗಿಲಿಂದ ಆಚೆ ಹಾಕಿ, ಬಾಳೆ ಕಳಿಸುವುದನ್ನು ನಿಲ್ಲಿಸಿ, ನನ್ನ ಯಾವ ಮಾತನ್ನೂ ಇನ್ನು ನಂಬಬೇಡಿ — ಆ 'ಬ್ಯಾಡ'ವನ್ನೂ ನಂಬಬೇಡಿ.

ಯೂಸುಫನನ್ನು ಕರೆದುಕೊಂಡು ನೀವೇ ಆ ನೆಲಮಾಳಿಗೆಗೆ ಇಳಿಯಿರಿ, ಆಪಾ. ಗೋಡೆಗೆ ಅಂಗೈ ಇಟ್ಟು ನೋಡಿ.