ಜಾವಾದಲ್ಲಿ ಒತ್ತಿದ ಕೈ

...ಅಥವಾ ಆ ಬೀಡಿಯಿಂದ ಬರುತ್ತಿದ್ದುದು ಲವಂಗದ ವಾಸನೆ ಆಗಿರಲೇ ಇಲ್ಲವೇನೋ. ನಿನ್ನೆ ಸಂಖ ಊರಿನ ಬಸ್ ನಿಲ್ದಾಣದಲ್ಲಿ ಯಾರೋ ಚಹಾಕ್ಕೆ ಲವಂಗ ಜಜ್ಜಿ ಹಾಕಿದರು. ಬೀಡಿಯೊಳಗೆ ಲವಂಗ ತುರುಕಿ ಸೇದುತ್ತಿದ್ದ ಪಕ್ಕದ ಮನೆಯ ಚಾಚಾ ನೆನಪಾದರು. ನಿಜಕ್ಕೂ ಹಾಗೆ ಸೇದುತ್ತಿದ್ದರೋ, ಜಾವಾದ ಜನ ಹಾಗೆ ಸೇದುತ್ತಾರೆಂದು ಆಮೇಲೆ ಓದಿ ನಾನೇ ಅವರ ಬಾಯಿಗಿಟ್ಟೆನೋ...

ಚಾಚಾ ಮಾಡಗ್ಯಾಳದ ಸಂತೆಯಲ್ಲಿ ಕುರಿಗಳ ದಲಾಲಿ ಮಾಡುತ್ತಿದ್ದರು. ಹರೆಯದಲ್ಲಿ ಇಂಗ್ಲಿಷರ ಫೌಜಿನಲ್ಲಿದ್ದವರು. ಮಹಾಯುದ್ಧ ಮುಗಿದ ಮೇಲೆ ಆ ಫೌಜು ಜಾವಾಕ್ಕೆ ಹೋಯಿತು. ಅಲ್ಲಿಯ ಜನ ಡಚ್ಚರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಎದ್ದಿದ್ದರು; ಇಂಗ್ಲಿಷರ ಫೌಜು ಡಚ್ಚರ ಬೆನ್ನಿಗೆ ನಿಂತಿತ್ತು. ಚಾಚಾ ಫೌಜು ಬಿಟ್ಟು ಆ ಜನರ ಕಡೆ ಸೇರಿ ಹೋರಾಡಿದರು. ಊರಿಗೆ ಮರಳಿದಾಗ ಸಿಕ್ಕಿದ್ದು ‘ಪಳಪುಟ್ಯಾ’ ಎಂಬ ಹೆಸರು, ಓಡಿಹೋದವನು ಎಂದು. ಧ್ವಜ ಹಾರಿಸುವ ದಿನ ಊರಿನ ಹಳೆಯ ಫೌಜಿಗಳಿಗೆ ಖುರ್ಚಿ ಹಾಕುತ್ತಿದ್ದರು. ಚಾಚಾ ಶಾಲೆಯ ಗೋಡೆಯಾಚೆ ನಿಂತು ನೋಡುತ್ತಿದ್ದರು.

ಕಾಲೇಜು ಮುಗಿಸಿದ ವರ್ಷ, ಅವರ ಮೇಲೆ ಕಾದಂಬರಿ ಬರೆಯುತ್ತೇನೆಂದು ಹೋಗಿ ಕುಳಿತೆ. ಪರದೇಶದ ಸ್ವಾತಂತ್ರ್ಯಕ್ಕೆ ಯಾಕೆ ಹೋರಾಡಿದಿರಿ ಎಂದು ಕೇಳಿ, ದೊಡ್ಡ ಉತ್ತರಕ್ಕೆ ಕಾದೆ.

ಚಾಚಾ ಹೆಗಲ ಮೇಲಿನ ವಸ್ತ್ರವನ್ನು ನನ್ನ ಕೈಮೇಲೆ ಹಾಕಿ, ಅದರಡಿ ಬೆರಳು ಹಿಡಿದರು. ಸಂತೆಯಲ್ಲಿ ಕುರಿಯ ಬೆಲೆ ಕುದುರುವುದು ಹಾಗೆಯೇ, ಮೂರನೆಯವರಿಗೆ ಕಾಣದಂತೆ. ಒಮ್ಮೆ ಕೈ ಒತ್ತಿದರೆ ಮಾತು ಮುಗಿಯಿತು, ಹಿಂದೆ ಸರಿಯುವಂತಿಲ್ಲ.

“ಪಹರೇಕ್ಕ ನಿಂತಿದ್ನಿ. ಅಲ್ಲಿಯವ ಒಬ್ಬ ಬಂದ. ಅವನ ಮಾತು ನನಗ ತಿಳೀವಲ್ದು, ನಂದು ಅವಂಗ. ನಮ್ಮ ಕಡೆ ಬಾ ಅಂತ ಕೈ ಮಾಡಿದ. ನಾ ಚ್ಯಾಷ್ಟಿಗೆ ಅವನ ಕೈಮ್ಯಾಲ ವಸ್ತ್ರ ಹಾಕಿ ಒತ್ತಿಬಿಟ್ಟೆ. ಅಂವಗೇನ್ ಗೊತ್ತು ನಮ್ಮ ಸಂತಿ ರೀತಿ? ಆದ್ರ ನನಗ ಗೊತ್ತಿತ್ತಲ್ಲ...”

ಒಲೆಯ ಮುಂದಿದ್ದ ಚಾಚಿ ಅಲ್ಲಿಂದಲೇ ಅಂದರು: “ನನ್ನ ತವರಿಗಿ ಬರ್ತೀನಂತ ಎಷ್ಟ ಸಲ ಮಾತ ಕೊಟ್ರಿ, ಅದೆಲ್ಲಿ ಹೋತ್ರಿ?”

“ಅದಕ್ಕ ವಸ್ತ್ರ ಹಾಕಿರ್ಲಿಲ್ಲಲ್ಲ.”

ಚಾಚಿ ನಗಲಿಲ್ಲ. ಚಾಚಾ ದನಿ ತಗ್ಗಿಸಿದರು. “ತಮ್ಮಾ, ಓಡಿ ಹೋದ ಅಂತ ಬರೀಬ್ಯಾಡ. ಹುಲಿ ಅಂತನೂ ಬರೀಬ್ಯಾಡ.”

ಇಬ್ಬರೂ ತೀರಿಕೊಂಡು ಬಹಳ ವರ್ಷಗಳಾದವು. ಕಾದಂಬರಿ ಈಗ ಆ ಪಹರೆಯ ಜಾಗಕ್ಕೆ ಬಂದು ನಿಂತಿದೆ. ನಾಯಕನ ಬಾಯಿಗೆ ಒಂದು ಭಾಷಣ ಬರೆದೆ, ಹೊಡೆದು ಹಾಕಿದೆ. ಭಯ ಬರೆದೆ, ಅದನ್ನೂ ಹೊಡೆದೆ. ಸಂತೆಯ ಮಾತಿಗೆ ಕಟ್ಟುಬಿದ್ದು ಹೋದ ಎಂದು ಬರೆದರೆ ಕಥೆ ತೀರಾ ಚೆಂದ ಕಾಣುತ್ತದೆ; ಅದಕ್ಕೇ ನಂಬಿಕೆ ಬರುವುದಿಲ್ಲ. ಹೋಗುವ ಮನಸ್ಸು ಮೊದಲೇ ಇದ್ದು, ಕೈ ಆಮೇಲೆ ಒತ್ತಿದರೋ ಏನೋ... ಚಾಚಾಗಾದರೂ ಅದು ತಿಳಿದಿತ್ತೇ?