ಪತ್ರ ಹಿಂದಕ್ಕೆ ಪಡೆಯದ ದರ್ಜಿ

ಆ ದರ್ಜಿಯ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಚರ್ಚಿನ ಒಳಕೋಣೆಯಲ್ಲಿ ಪೀಠದ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಾಗ. ಪಕ್ಕದಲ್ಲಿ ಫಾದರು ಫೋನಿನಲ್ಲಿ ದೂರುತ್ತಿದ್ದರು. ಪೂಜೆಯ ನಿಲುವಂಗಿ ಹೊಲಿಯುವ ದರ್ಜಿ ಬಿಷಪರಿಗೇ ನಾಲ್ಕು ಪುಟ ಬರೆದಿದ್ದಾನಂತೆ, ಸಾಲದ್ದಕ್ಕೆ ಚರ್ಚಿನ ಬಾಗಿಲಿಗೂ ಒಂದು ಪ್ರತಿ ಅಂಟಿಸಿದ್ದಾನಂತೆ.

ಗಂಡ ತೀರಿಕೊಂಡ ಮೇಲೆ ನಾನು ಚರ್ಚಿನ ಬಟ್ಟೆ ಒಗೆಯುವ ಕೆಲಸ ಹಿಡಿದು ಆಗಿನ್ನೂ ಎರಡು ತಿಂಗಳು. ಬಾಗಿಲ ಮುಂದೆ ನಿಂತು ಅಕ್ಷರ ಕೂಡಿಸಿಕೊಂಡು ಓದಿದೆ. ಲ್ಯಾಟಿನ್ ಪೂಜೆ ನಿಲ್ಲಿಸಿದ್ದು, ಮಂಡಿಯೂರಿ ಪ್ರಸಾದ ತೆಗೆದುಕೊಳ್ಳುವ ಕಟಕಟೆ ಕೀಳಿಸಿದ್ದು, ಎಲ್ಲವೂ ಇತ್ತು. ಅಜ್ಜ ಮುತ್ತಜ್ಜಂದಿರನ್ನು ದೇವರ ಹತ್ತಿರ ಮುಟ್ಟಿಸಿದ ಪೂಜೆ ಒಂದು ಆದೇಶಕ್ಕೆ ಬೇಡವಾದದ್ದು ಹೇಗೆ ಎಂದು ಕೇಳಿದ್ದರು. ಎಲ್ಲರ ಮಾತೂ ಕೇಳುತ್ತೇವೆ ಎನ್ನುವ ಹಿರಿಯರು ಮಂಡಿಯೂರಿದವರಿಗೆ ಮಾತ್ರ ಕಿವುಡರೇ ಎಂದೂ ಕೇಳಿದ್ದರು. ಕೊನೆಗೆ, ಕ್ರಿಸ್ತನ ದೇಹವೇ ಆದ ಪ್ರಸಾದದ ಕಣ ತಗುಲಿದ ಬಟ್ಟೆಯನ್ನು ನೇರ ಮೆಷಿನ್ನಿಗೆ ಹಾಕುತ್ತಾರೆ, ಆ ನೀರು ಚರಂಡಿ ಸೇರುತ್ತದೆ ಎಂದಿತ್ತು.

ಮೆಷಿನ್ನಿಗೆ ಹಾಕುತ್ತಿದ್ದವಳು ನಾನೇ. ಸಂಜೆ ದರ್ಜಿಯ ಅಂಗಡಿಗೆ ಹೋಗಿ ಹೇಳಿಕೊಂಡೆ. ಅವರು ಕತ್ತರಿ ಕೆಳಗಿಟ್ಟರು.

"ನಿಮ್ಮ ತಪ್ಪಲ್ಲ ಅಕ್ಕ. ಹೇಳಿಕೊಡಬೇಕಾದವರು ಮೀಟಿಂಗ್ ಮಾಡ್ತಾ ಕೂತಿದಾರೆ."

ಮೊದಲು ಬೋಗುಣಿಯಲ್ಲಿ ನೆನೆಸಿ, ಆ ನೀರನ್ನು ಯಾರೂ ತುಳಿಯದ ಮಣ್ಣಿಗೆ ಸುರಿದು, ಆಮೇಲೆ ಒಗೆಯಬೇಕೆಂದು ಕಲಿಸಿದರು. ಅಂದಿನಿಂದ ಫಾದರ ಕಣ್ಣು ತಪ್ಪಿಸಿ ಹಾಗೇ ಮಾಡಿದೆ.

ಮುಂದಿನ ಭಾನುವಾರ ಕಟಕಟೆ ಇದ್ದ ಜಾಗದಲ್ಲೇ ದರ್ಜಿ ಬರೀ ನೆಲದ ಮೇಲೆ ಮಂಡಿಯೂರಿದರು. ಹಿಂದಿನ ಸಾಲು ನಿಂತುಹೋಯಿತು. ನಾಟಕ ಸಾಕು ಎಂದು ಯಾರೋ ಗೊಣಗಿದರು. ಪ್ರಸಾದ ಹಿಡಿದ ಫಾದರ ಕೈ ಹಾಗೇ ನಿಂತಿತು. ಕೊನೆಗೆ ನಾಲಿಗೆಯ ಮೇಲಿಟ್ಟರು, ಆದರೆ ಪೂಜೆ ಮುಗಿದ ಮೇಲೆ ಕರೆದು, ಪತ್ರ ಹಿಂದಕ್ಕೆ ಪಡೆಯುವವರೆಗೆ ಚರ್ಚಿನ ಹೊಲಿಗೆ ನಿನಗಿಲ್ಲ ಎಂದರು. ಬಿಷಪರು ಉತ್ತರ ಕೊಡುವವರೆಗೆ ನಾನೂ ಬರುವುದಿಲ್ಲ ಎಂದು ದರ್ಜಿ ಹೊರಟುಬಂದರು.

ಮೂರು ವರ್ಷ ಉತ್ತರ ಬರಲಿಲ್ಲ. ದರ್ಜಿ ಶಾಲೆ ಮಕ್ಕಳ ಯೂನಿಫಾರಂ ಹೊಲಿದರು, ಭಾನುವಾರ ಹಳೇ ಪುಸ್ತಕ ಹಿಡಿದು ಒಬ್ಬರೇ ಪ್ರಾರ್ಥಿಸಿದರು. ಆಮೇಲೆ ಹೃದಯದ ಕಾಯಿಲೆ ಹಾಸಿಗೆಗೆ ಕೆಡವಿತು. ಫಾದರ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆ ಇಲ್ಲದೆ ಕಣ್ಣು ಮುಚ್ಚಿಬಿಟ್ಟರೆ ಗತಿಯೇನೆಂದು ಅವರ ಹೆಂಡತಿ ದಿನವೂ ನನ್ನ ಹತ್ತಿರ ಅಳುತ್ತಿದ್ದಳು. ಫಾದರ ಹೆಸರೆತ್ತಿದರೆ ಅವರು ಗೋಡೆಯ ಕಡೆ ತಿರುಗುತ್ತಿದ್ದರು. ಇತ್ತ ಫಾದರನ್ನು ಕೇಳಿದರೆ, ಅವನು ಕರೆಯಲಿ, ಬರ್ತೀನಿ ಅನ್ನುತ್ತಿದ್ದರು. ಇಬ್ಬರದೂ ಒಂದೇ ಹಟ.

ಒಂದು ಮಧ್ಯಾಹ್ನ ಗಂಜಿ ಕುಡಿಸಲು ಹೋದೆ. ಅವರ ತುಟಿ ನೀಲಿಗಟ್ಟಿತ್ತು. ಹೆಂಡತಿ ಔಷಧಿ ತರಲು ಹೋಗಿದ್ದಳು. ಚಮಚವನ್ನು ಪಕ್ಕಕ್ಕೆ ಸರಿಸಿ ನನ್ನ ಮಣಿಕಟ್ಟು ಹಿಡಿದರು.

"ಅಕ್ಕ, ಹೋಗಿ ಫಾದರನ್ನ ಕರ್ಕೊಂಡು ಬನ್ನಿ. ನನ್ನ ಪಾಪ ಎಲ್ಲಾ ಹೇಳ್ತೀನಿ. ಆದ್ರೆ ಆ ಪತ್ರ ಅದರಲ್ಲಿ ಸೇರಲ್ಲ, ಅದನ್ನ ಬಾಗಿಲಲ್ಲೇ ಹೇಳಿಬಿಡಿ. ಕ್ಷಮೆಯ ಮಾತು ಲ್ಯಾಟಿನ್‌ನಲ್ಲಿ ಬರಲ್ಲ ಅಂದ್ರೆ, ಅವರಿಗೆ ಬರೋ ಭಾಷೇಲೇ ಹೇಳ್ಲಿ. ಬೇಗ ಹೋಗಿ."